ಬೌದ್ಧಿಕ ವಿಕಲತೆಯುಳ್ಳವರ ಆರೋಗ್ಯ: ಗ್ರಾಮ ಪಂಚಾಯತಿ ಸದಸ್ಯರು ಅರಿಯಬೇಕಾದುದು

ಬೌದ್ಧಿಕ ವಿಕಲತೆಯುಳ್ಳ ಅನೇಕರು ತಮ್ಮ ನೋವನ್ನು ಮಾತಿನಲ್ಲಿ ಹೇಳಲಾರರು. ಹಲ್ಲುನೋವು, ಕಿವಿ ಸೋರುವಿಕೆ, ಮಲಬದ್ಧತೆಗಳು ಅವರಲ್ಲಿ ಊಟ ಬಿಡುವುದು, ತಲೆ ಚಚ್ಚಿಕೊಳ್ಳುವುದು, ರಾತ್ರಿಯಿಡೀ ಕೂಗುವುದು ಎಂಬ ರೂಪದಲ್ಲಿ ಪ್ರಕಟವಾಗಬಹುದು. ಮನೆಯವರೂ ಕೆಲವೊಮ್ಮೆ ಆಸ್ಪತ್ರೆಯವರೂ ಇದನ್ನು ವಿಕಲತೆಯ ಲಕ್ಷಣವೆಂದೇ ಭಾವಿಸುವುದರಿಂದ, ಗುಣಪಡಿಸಬಹುದಾದ ಕಾಯಿಲೆಯೂ ಪ್ರಾಣಾಪಾಯಕ್ಕೆ ಎಡೆಮಾಡುತ್ತದೆ. ಆದುದರಿಂದ ನಡವಳಿಕೆಯು ಹಠಾತ್ತನೆ ಬದಲಾದಲ್ಲಿ ಮೊದಲು ದೇಹದ ತಪಾಸಣೆ ಆಗಬೇಕು.

ವಿಕಲಚೇತನರ ಹಕ್ಕುಗಳ ಅಧಿನಿಯಮ, 2016ರ 25ನೇ ಪ್ರಕರಣವು ಇವರಿಗೆ ಚಿಕಿತ್ಸೆಯಲ್ಲಿ ಆದ್ಯತೆ ನೀಡಬೇಕೆಂದು ವಿಧಿಸಿದೆ. ‘ನಿರಾಮಯ’ ಆರೋಗ್ಯ ವಿಮೆಯಡಿ 1 ಲಕ್ಷ ರೂಪಾಯಿವರೆಗೆ ನೆರವು ಲಭ್ಯವಿದ್ದು, ಹೊರರೋಗಿ ಚಿಕಿತ್ಸೆಯೂ ಅದರಲ್ಲಿ ಸೇರಿದೆ.

ಸದಸ್ಯರು ಕೈಗೊಳ್ಳಬೇಕಾದ ಕ್ರಮಗಳು:

1. ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಹಾಗೂ ಆಶಾ ಕಾರ್ಯಕರ್ತೆಯರ ನೆರವಿನಿಂದ ತಮ್ಮ ಕ್ಷೇತ್ರದ ಪಟ್ಟಿ ಸಿದ್ಧಪಡಿಸುವುದು. ಶಾಲೆಯ ವಯಸ್ಸು ಮೀರಿದವರನ್ನು ಕೈಬಿಡಬಾರದು.

2. ವರ್ಷಕ್ಕೊಮ್ಮೆ ಹಲ್ಲು, ಕಿವಿ, ಕಣ್ಣು, ತೂಕ, ರಕ್ತದೊತ್ತಡಗಳ ತಪಾಸಣೆಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳೊಡನೆ ಸಮಾಲೋಚಿಸಿ ನಿಗದಿಪಡಿಸುವುದು. ಡೌನ್ ಸಿಂಡ್ರೋಮ್ ಉಳ್ಳವರಿಗೆ ಥೈರಾಯ್ಡ್ ಪರೀಕ್ಷೆಯೂ ಅಗತ್ಯ.

3. ಯು.ಡಿ.ಐ.ಡಿ. ಕಾರ್ಡ್ ಹಾಗೂ ನಿರಾಮಯ ನೋಂದಣಿ ಬಾಕಿಯಿರುವ ಕುಟುಂಬಗಳಿಗೆ ನೆರವಾಗುವುದು.

ಆರೈಕೆ ಮಾಡುವ ತಾಯಿ “ಎಂದಿನಂತಿಲ್ಲ” ಎಂದರೆ ಅದನ್ನೇ ರೋಗಲಕ್ಷಣವೆಂದು ಪರಿಗಣಿಸಿ, ಅಂದೇ ಆಸ್ಪತ್ರೆಗೆ ಕಳುಹಿಸಲು ಕ್ರಮವಹಿಸತಕ್ಕದ್ದು.