ಮಕ್ಕಳ ಉಬ್ಬಸ: ಆಯುರ್ವೇದದ ಪಾಲೆಷ್ಟು?

ಮೃಗಶಿರಾ ಮಳೆಯ ದಿನಗಳು ಸಮೀಪಿಸಿದೊಡನೆ ಉಬ್ಬಸದ ಮಕ್ಕಳನ್ನು ಎತ್ತಿಕೊಂಡು ನಮ್ಮಲ್ಲಿಗೆ ಬರುವ ತಾಯಂದಿರ ಸಂಖ್ಯೆ ಹೆಚ್ಚುತ್ತದೆ. ಇದು ಆಕಸ್ಮಿಕವಲ್ಲ. ಮೋಡ, ಮಳೆ, ಶೀತ, ಮೂಡಣ ಗಾಳಿಗಳಿಂದ ತಮಕಶ್ವಾಸವು ಉಲ್ಬಣಿಸುವುದೆಂದೂ, ಮಲಗಿದರೆ ಸಂಕಟ, ಕುಳಿತರೆ ಸಮಾಧಾನವೆಂದೂ ಚರಕಸಂಹಿತೆಯ ಚಿಕಿತ್ಸಾಸ್ಥಾನದ ೧೭ನೆಯ ಅಧ್ಯಾಯದಲ್ಲಿ ಹೇಳಿದೆ. ಇಂದು ಅಸ್ತಮಾ ಎನ್ನುವುದು ಬಹುಮಟ್ಟಿಗೆ ಇದನ್ನೇ. ಅದೇ ಅಧ್ಯಾಯವು ಇದನ್ನು ಯಾಪ್ಯ, ಅಂದರೆ ಚಿಕಿತ್ಸೆ ನಡೆಯುವವರೆಗೆ ಹತೋಟಿಯಲ್ಲಿರುವ ವ್ಯಾಧಿ ಎಂದು ಎಣಿಸಿ, ಹೊಸದಾಗಿ ಹುಟ್ಟಿದ್ದರೆ ಸಾಧ್ಯವಾದೀತು ಎನ್ನುತ್ತದೆ. ಬೇರುಸಹಿತ ಕಿತ್ತೊಗೆಯುತ್ತೇವೆಂದು ಜಾಹೀರಾತು ಕೊಡುವವರು ಈ ಮಾತನ್ನು ಓದಿದಂತಿಲ್ಲ.

ವೃತ್ತಿಯ ಆರಂಭದ ವರ್ಷಗಳಲ್ಲಿ ನಮ್ಮಿಂದಲೇ ಒಂದು ತಪ್ಪಾಯಿತು. ಎಂಟು ವರ್ಷದ ಬಾಲಕನೊಬ್ಬನಿಗೆ ಸಿತೋಪಲಾದಿ ಚೂರ್ಣ ಕೊಟ್ಟೆವು. ಬೇರೇನು ಔಷಧ ನಡೆದಿದೆಯೆಂದು ಕೇಳಲಿಲ್ಲ. ಐದನೆಯ ರಾತ್ರಿ ಅವನನ್ನು ಉಸಿರಿಲ್ಲದಂತಾಗಿ ದೊಡ್ಡಾಸ್ಪತ್ರೆಗೆ ಒಯ್ದರು. ಮರುದಿನ ಅವನ ಅಜ್ಜಿ, "ಪಂಪು ಹಚ್ಚಿದ್ರ ಚಟ ಆಗ್ತದಂತ್ರೀ, ನಿಮ್ಮ ಪುಡಿ ಸುರು ಮಾಡಿದ ದಿನಾನ ಬಿಡಿಸೇವಿ" ಎಂದರು. ಬಾಲಕ ಬದುಕಿದನು. ಆಕೆ ನಮ್ಮನ್ನು ದೂರಲಿಲ್ಲ, ದೂರಿದ್ದರೆ ಹಗುರವಾಗುತ್ತಿತ್ತೇನೋ.

ಪಂಪು ಚಟವಲ್ಲ. ಅಸ್ತಮಾದಲ್ಲಿ ಶ್ವಾಸನಾಳದ ಒಳಪದರವು ಬಾತು, ಸುತ್ತಲಿನ ಸ್ನಾಯು ಬಿಗಿದು, ಕಫ ತುಂಬಿಕೊಳ್ಳುತ್ತದೆ. ಬಿಗಿತವನ್ನು ಕೂಡಲೇ ಸಡಿಲಿಸುವ ಪಂಪು ಬೇರೆ, ಬಾವನ್ನು ದಿನದಿನವೂ ತಗ್ಗಿಸುವ ಸ್ಟಿರಾಯ್ಡ್ ಪಂಪು ಬೇರೆ. ಎರಡನೆಯದರ ಪರಿಣಾಮ ಕೂಡಲೇ ಕಾಣದು. ಮಗು ಆಡಿಕೊಂಡಿರುವಾಗ ಅನಾವಶ್ಯಕವೆನಿಸುತ್ತದೆ. ಮನೆಯವರು ನಿಲ್ಲಿಸುವುದು ಅದನ್ನೇ. ಅದರ ಪ್ರಮಾಣವಾದರೋ ಮೈಕ್ರೋಗ್ರಾಮುಗಳ ಲೆಕ್ಕದ್ದು. ನೇರವಾಗಿ ಶ್ವಾಸಕೋಶಕ್ಕೆ ಹೋಗುವುದರಿಂದ ಅಷ್ಟೇ ಸಾಕಾಗುತ್ತದೆ. ಸ್ಪೇಸರ್ ಜೋಡಿಸಿ ಎಳೆಸಿ, ಬಳಿಕ ಬಾಯಿ ಮುಕ್ಕಳಿಸಿ ಉಗುಳಿಸಬೇಕು.

ಹಾಗಾದರೆ ನಮ್ಮ ಶಾಸ್ತ್ರದ ಪಾಲೇನು? ಆಡುಸೋಗೆ ಕಫವನ್ನು ಸಡಿಲಿಸುತ್ತದೆ. ಇಂದಿನ ಕೆಮ್ಮಿನ ಸಿರಪ್ಪುಗಳಲ್ಲಿರುವ ಬ್ರೋಮ್‌ಹೆಕ್ಸಿನ್ ಹುಟ್ಟಿದ್ದು ಅದರಲ್ಲಿರುವ ವ್ಯಾಸಿಸಿನ್ ಎಂಬ ಸತ್ತ್ವದ ಜಾಡು ಹಿಡಿದೇ. ಸಿತೋಪಲಾದಿಯಲ್ಲಿ ಕಲ್ಲುಸಕ್ಕರೆ ೧೬ ಭಾಗ, ವಂಶಲೋಚನ ೮, ಹಿಪ್ಪಲಿ ೪, ಏಲಕ್ಕಿ ೨, ದಾಲ್ಚಿನ್ನಿ ೧. ಅರ್ಧಕ್ಕಿಂತ ಹೆಚ್ಚು ಸಕ್ಕರೆಯೇ ಆದ್ದರಿಂದ ಮಕ್ಕಳು ಕೈಚಾಚಿ ಕೇಳುತ್ತಾರೆ! ಕೆಮ್ಮಿಗೆ, ಅಗ್ನಿಮಾಂದ್ಯಕ್ಕೆ ಇವು ಒದಗುತ್ತವೆ. ಬಾತ ಶ್ವಾಸನಾಳಕ್ಕೆ ಪಂಪಿನ ಬದಲಾಗಲಾರವು. ಬಾಲಕರಿಗೂ ದುರ್ಬಲರಿಗೂ ಶೋಧನವಲ್ಲ, ಶಮನವೇ ಯುಕ್ತವೆಂಬುದು ಶಾಸ್ತ್ರದ ಅಭಿಪ್ರಾಯ. ಆದಕಾರಣ ಚಿಕ್ಕ ಮಕ್ಕಳಿಗೆ ವಮನ ಮಾಡಿಸುತ್ತೇವೆಂಬವರಿಂದ ದೂರವಿರಿ. ಯೋಗದ ವಿಷಯದಲ್ಲಿ ೨೦೧೬ರ ಕಾಕ್ರೇನ್ ವಿಮರ್ಶೆಯು ರೋಗಿಗಳ ಜೀವನಮಟ್ಟ ತುಸು ಸುಧಾರಿಸುವುದನ್ನು ಕಂಡಿತು. ಪರೀಕ್ಷೆಗೊಳಗಾದವರು ಬಹುತೇಕ ವಯಸ್ಕರು. ಮಕ್ಕಳಿಗೆ ನಿಧಾನವಾದ ಉಸಿರಾಟದ ಅಭ್ಯಾಸ ಸಾಕು, ಅದೂ ಉಬ್ಬಸವಿಲ್ಲದ ವೇಳೆಯಲ್ಲಿ.

ಮನೆಮದ್ದುಗಳಲ್ಲಿ ಕೆಲವು ನಿಜವಾಗಿಯೂ ಅಪಾಯಕರ. ಕರ್ಪೂರ ಹೊಟ್ಟೆಗೆ ಹೋದರೆ ಶಿಶುವಿಗೆ ಫಿಟ್ಸ್ ಬರಬಹುದು. ಮೂಗಿನ ಬಳಿಯೂ ಹಚ್ಚಬೇಡಿ. ಒಂದು ವರ್ಷ ತುಂಬದ ಕೂಸಿಗೆ ಜೇನು ಸಲ್ಲದು, ಔಷಧದ ಅನುಪಾನವಾಗಿಯೂ ಸಲ್ಲದು. ಕುದಿಯುವ ಪಾತ್ರೆಯ ಮುಂದೆ ಹಬೆಗೆ ಕೂರಿಸಿ ಮೈ ಸುಟ್ಟುಕೊಂಡ ಮಕ್ಕಳನ್ನು ಕಂಡಿದ್ದೇವೆ. ಹೆಸರಿಲ್ಲದ ಪೊಟ್ಟಣದ ಪುಡಿ ಎರಡೇ ದಿನದಲ್ಲಿ ಚಮತ್ಕಾರ ತೋರಿದರೆ, ಮಗುವಿನ ಮುಖ ದುಂಡಗೆ ಊದತೊಡಗಿದರೆ, ಅದರಲ್ಲಿ ಸ್ಟಿರಾಯ್ಡ್ ಬೆರೆತಿರುವ ಶಂಕೆಯಿಡಬೇಕು. ಇನ್ನು ಧೂಪ, ಊದುಬತ್ತಿ: ಪೂಜೆಗೆ ಅಡ್ಡಿಯಿಲ್ಲ, ಆದರೆ ಆ ಹೊಗೆ ತುಂಬಿದ ಕೋಣೆಯಲ್ಲಿ ಉಬ್ಬಸದ ಮಗುವನ್ನು ಕೂರಿಸಬೇಡಿ. ಶಿವನು ಆಕ್ಷೇಪಿಸಲಾರನು.

ಮಗು ಒಂದು ವಾಕ್ಯವನ್ನು ಪೂರ್ತಿ ಆಡಲಾರದಿದ್ದರೆ, ಪಕ್ಕೆಲುಬುಗಳ ನಡುವೆ ಚರ್ಮ ಒಳಗೆ ಜಗ್ಗುತ್ತಿದ್ದರೆ, ತುಟಿ ನೀಲಿಗಟ್ಟಿದರೆ, ಯಾವ ಕಷಾಯವನ್ನೂ ಕಾಸುತ್ತ ಕೂಡದೆ, ಬಿಗಿತ ಸಡಿಲಿಸುವ ಪಂಪನ್ನು ಕೊಡುತ್ತಲೇ ಆಸ್ಪತ್ರೆಗೆ ಒಯ್ಯಿರಿ. ನಮ್ಮಂಥ ವೈದ್ಯರಲ್ಲಿಗೆ ಬರುವಾಗ ಮಗು ಬಳಸುತ್ತಿರುವ ಪಂಪು, ಸಿರಪ್ಪು, ಪೊಟ್ಟಣ ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿ ತನ್ನಿರಿ. ಆ ಎಂಟು ವರ್ಷದ ಬಾಲಕನ ನಂತರ ನಾವು ಮೊದಲು ನೋಡುವುದು ನಾಡಿಯನ್ನಲ್ಲ, ಆ ಚೀಲವನ್ನು.