ಫ್ಲೂ ಜ್ವರ: ಯಾರಿಗೆ, ಯಾವ ದಿನ, ಏನು ಮಾಡಬೇಕು?

ಮೆಡಿಕಲ್ ಶಾಪಿನ ಕಟ್ಟೆಗೆ ಮೊಣಕೈ ಊರಿ ‘ಜ್ವರ, ಕೆಮ್ಮು, ಮೈಕೈ ನೋವು, ಏನಾದ್ರೂ ಕೊಡಿ’ ಎಂದರೆ ಎಷ್ಟೋ ಕಡೆ ಪ್ಯಾರಾಸಿಟಮಾಲ್ ಜೊತೆಗೆ ಮೂರು ಅಜಿತ್ರೊಮೈಸಿನ್ ಮಾತ್ರೆಯೂ ಕವರಿಗೆ ಬೀಳುತ್ತವೆ. 2023ರ ಮಾರ್ಚ್‌ನಲ್ಲಿ ಎಚ್3ಎನ್2 ಫ್ಲೂ ದೇಶದಲ್ಲೆಲ್ಲ ಹಬ್ಬಿದಾಗ ಭಾರತೀಯ ವೈದ್ಯಕೀಯ ಸಂಘ ಪ್ರಕಟಣೆ ಹೊರಡಿಸಿ ‘ಬೇಡ’ ಎಂದದ್ದು ಇದನ್ನೇ. ಆಂಟಿಬಯೋಟಿಕ್ ಕೊಲ್ಲುವುದು ಬ್ಯಾಕ್ಟೀರಿಯಾವನ್ನು. ಫ್ಲೂ ತರುವುದು ವೈರಸ್. ಅದೇ ಮಾರ್ಚ್ 1ರಂದು ಹಾಸನ ಜಿಲ್ಲೆಯ 82 ವರ್ಷದ ವೃದ್ಧರೊಬ್ಬರು ಈ ಸೋಂಕಿನಿಂದ ತೀರಿಕೊಂಡಿದ್ದರು. ಅವರಿಗೆ ಮಧುಮೇಹ, ರಕ್ತದೊತ್ತಡ ಎರಡೂ ಇದ್ದವು. ಒಬ್ಬರಿಗೆ ಗಂಜಿ, ನಿದ್ದೆಯಲ್ಲೇ ಇಳಿದುಹೋಗುವ ಜ್ವರ ಇನ್ನೊಬ್ಬರ ಜೀವಕ್ಕೇ ಎರವಾಗುತ್ತದೆ. ಹಾಗಾಗಿ ಫ್ಲೂ ವಿಷಯದಲ್ಲಿ ರೋಗಿ ಯಾರು, ಜ್ವರಕ್ಕೆ ಎಷ್ಟನೇ ದಿನ ಎಂಬ ಎರಡು ಪ್ರಶ್ನೆಗಳೇ ಮುಖ್ಯ.

ಮೊದಲ ದಿನ: ಇದು ಫ್ಲೂ ಹೌದೇ?

ಸಾಮಾನ್ಯ ನೆಗಡಿ ಗಂಟಲ ಕೆರೆತ, ಸೀನು ಎಂದು ಮೆಲ್ಲಗೆ ಏರುತ್ತದೆ. ಫ್ಲೂ ಹಾಗಲ್ಲ. ಬೆಳಿಗ್ಗೆ ಚೆನ್ನಾಗಿಯೇ ಕೆಲಸಕ್ಕೆ ಹೋದವರು ಸಂಜೆ ಕಂಬಳಿ ಹೊದ್ದು ನಡುಗುತ್ತಾರೆ. ತಲೆನೋವು, ಒಣಕೆಮ್ಮು, ಎದ್ದು ನೀರು ಕುಡಿಯಲೂ ಆಗದ ಸುಸ್ತು. ಸೋಂಕು ತಗುಲಿ ಒಂದರಿಂದ ನಾಲ್ಕು ದಿನದೊಳಗೆ ಇದು ಕಾಣಿಸಿಕೊಳ್ಳುತ್ತದೆ.

ಭಾರತದಲ್ಲಿ ಫ್ಲೂ ವರ್ಷಕ್ಕೆ ಎರಡು ಸಲ ಏರುತ್ತದೆ: ಜನವರಿಯಿಂದ ಮಾರ್ಚ್‌ವರೆಗೆ ಒಮ್ಮೆ, ಮಳೆಗಾಲದಲ್ಲಿ ಮತ್ತು ಅದರ ಬೆನ್ನಿಗೆ ಇನ್ನೊಮ್ಮೆ. ತೊಡಕು ಇರುವುದು ಎರಡನೆಯದರಲ್ಲಿ, ಏಕೆಂದರೆ ಅದು ಡೆಂಗಿಯ ಕಾಲವೂ ಹೌದು. 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿತ್ತು. ಕೆಮ್ಮು, ಗಂಟಲು ನೋವು ಜೋರಾಗಿದ್ದರೆ ಫ್ಲೂ ಇರಬಹುದು. ಕಣ್ಣಿನ ಹಿಂಭಾಗದ ನೋವು, ಮೈಮೇಲೆ ಕೆಂಪು ಗುಳ್ಳೆ ಇದ್ದರೆ ಡೆಂಗಿಯ ಅನುಮಾನ ಹೆಚ್ಚು. ಮೊದಲ ದಿನ ಇವೆರಡನ್ನು ಖಚಿತವಾಗಿ ಬೇರ್ಪಡಿಸುವುದು ವೈದ್ಯರಿಗೂ ಸುಲಭವಲ್ಲ. ಆದ್ದರಿಂದ ಡೆಂಗಿ ಅಲ್ಲ ಎಂದು ಗೊತ್ತಾಗುವವರೆಗೆ ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ. ಐಬುಪ್ರೊಫೆನ್, ಡೈಕ್ಲೊಫೆನಾಕ್, ಆಸ್ಪಿರಿನ್ ರಕ್ತಸ್ರಾವದ ಅಪಾಯ ಹೆಚ್ಚಿಸುತ್ತವೆ. ಮಲೆನಾಡಿನಲ್ಲಿ ಕಾಡಿಗೆ ಹೋಗಿ ಬಂದವರಿಗೆ ಬೇಸಿಗೆಯಲ್ಲಿ ಜ್ವರ ಬಂದರೆ ಮಂಗನ ಕಾಯಿಲೆಯನ್ನೂ ಮರೆಯುವಂತಿಲ್ಲ. ಕಾಡಿಗೆ ಹೋದದ್ದನ್ನು, ಉಣ್ಣೆ ಕಚ್ಚಿದ್ದರೆ ಅದನ್ನೂ ವೈದ್ಯರಿಗೆ ಹೇಳಬೇಕು.

48 ಗಂಟೆಯ ಗಡುವು

65 ದಾಟಿದವರು, ಗರ್ಭಿಣಿಯರು, ಐದು ವರ್ಷದೊಳಗಿನ ಮಕ್ಕಳು, ಮಧುಮೇಹ, ಆಸ್ತಮಾ, ಹೃದಯ ಅಥವಾ ಮೂತ್ರಪಿಂಡದ ಕಾಯಿಲೆ ಇರುವವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ‘ನಾಳೆ ನೋಡೋಣ’ ಎನ್ನಬಾರದು. ಫ್ಲೂ ವೈರಸ್ಸಿಗೆಂದೇ ಇರುವ ಒಸೆಲ್ಟಾಮಿವಿರ್ ಔಷಧಿ ಲಕ್ಷಣ ಶುರುವಾದ 48 ಗಂಟೆಯೊಳಗೆ ಕೊಟ್ಟರೆ ಚೆನ್ನಾಗಿ ಕೆಲಸ ಮಾಡುತ್ತದೆ. ಇಂಥವರಿಗೆ ಪರೀಕ್ಷೆಯ ವರದಿಗೆ ಕಾಯದೆಯೇ ವೈದ್ಯರು ಅದನ್ನು ಆರಂಭಿಸಬಹುದು.

ಉಳಿದ ಆರೋಗ್ಯವಂತರಿಗೆ ಸೌಮ್ಯ ಜ್ವರವಾದರೆ ಒಸೆಲ್ಟಾಮಿವಿರ್ ಬೇಡ, ಸಾವಿರಾರು ರೂಪಾಯಿಯ ಪರೀಕ್ಷೆಯೂ ಬೇಡ. ಇದು ಕೇಂದ್ರ ಆರೋಗ್ಯ ಸಚಿವಾಲಯದ ಮಾರ್ಗಸೂಚಿಯೇ. ಅನುಮಾನವಿದ್ದರೆ 104 ಆರೋಗ್ಯ ಸಹಾಯವಾಣಿಗೆ ಕರೆ ಮಾಡಿ ಕೇಳಬಹುದು.

ಮನೆಯಲ್ಲಿ

ಲಕ್ಷಣ ಕಾಣುವ ಹಿಂದಿನ ದಿನದಿಂದ ಹಿಡಿದು ಐದಾರು ದಿನ ರೋಗಿ ಇತರರಿಗೆ ಸೋಂಕು ಹಂಚಬಲ್ಲ. ಬೇರೆ ಕೋಣೆ ಇದ್ದರೆ ಒಳ್ಳೆಯದು. ಒಂದೇ ಕೋಣೆಯ ಮನೆಯಾದರೆ ಕಿಟಕಿ ತೆರೆದಿಟ್ಟು, ರೋಗಿಯೂ ಆರೈಕೆ ಮಾಡುವವರೂ ಮಾಸ್ಕ್ ಹಾಕಿ, ಅಜ್ಜ ಅಜ್ಜಿಯ ಹಾಸಿಗೆಯನ್ನು ದೂರ ಸರಿಸಬೇಕು. ಸೋಪಿಗೆ ಈ ವೈರಸ್ಸಿನ ಕೊಬ್ಬಿನ ಹೊದಿಕೆ ಒಡೆಯುತ್ತದೆ, ಹಾಗಾಗಿ ಕೈ ತೊಳೆಯಲು ದುಬಾರಿ ದ್ರಾವಣವೇನೂ ಬೇಕಿಲ್ಲ.

ಮಾತ್ರೆಯ ವಿಷಯದಲ್ಲಿ ಒಂದು ಎಡವಟ್ಟು ಪದೇ ಪದೇ ಆಗುತ್ತದೆ. ಜ್ವರಕ್ಕೆಂದು 650ರ ಪ್ಯಾರಾಸಿಟಮಾಲ್, ನೆಗಡಿಗೆಂದು ಇನ್ನೊಂದು ಮಾತ್ರೆ. ಆ ನೆಗಡಿ ಮಾತ್ರೆಯ ಪಟ್ಟಿಯ ಹಿಂದಿನ ಸಣ್ಣಕ್ಷರ ಓದಿದರೆ ಅದರಲ್ಲೂ ಪ್ಯಾರಾಸಿಟಮಾಲ್ ಇರುತ್ತದೆ. ಗೊತ್ತಿಲ್ಲದೆ ದುಪ್ಪಟ್ಟು ಪ್ರಮಾಣ ಹೊಟ್ಟೆ ಸೇರಿದರೆ ಪೆಟ್ಟು ಬೀಳುವುದು ಯಕೃತ್ತಿಗೆ.

ಇನ್ನು ಕಷಾಯ. ಶುಂಠಿ, ಮೆಣಸು, ತುಳಸಿ ಗಂಟಲಿಗೆ ಹಿತ. ಬಿಸಿಯಾಗಿ ಕುಡಿದರೆ ದೇಹಕ್ಕೆ ನೀರೂ ಸಿಗುತ್ತದೆ. ಅದು ವೈರಸ್ ಕೊಲ್ಲುತ್ತದೆ ಎಂದು ನಂಬಿ ಆಸ್ಪತ್ರೆ ತಪ್ಪಿಸಬಾರದು, ಅಷ್ಟೇ. ವರ್ಷ ತುಂಬದ ಕೂಸಿಗೆ ಜೇನುತುಪ್ಪ ನೆಕ್ಕಿಸಬಾರದು. ಕುದಿಯುವ ನೀರಿನ ಪಾತ್ರೆ ಮುಂದಿಟ್ಟು ಮಕ್ಕಳಿಗೆ ಹಬೆ ಹಿಡಿಸುವುದೂ ಬೇಡ. ಪಾತ್ರೆ ಮಗುಚಿ ಸುಟ್ಟುಕೊಂಡು ಬರುವ ಮಕ್ಕಳನ್ನು ವೈದ್ಯರು ನೋಡುತ್ತಲೇ ಇರುತ್ತಾರೆ.

ಮೂರನೇ ದಿನದ ನಂತರ

ಸಾಮಾನ್ಯವಾಗಿ ಜ್ವರ ಮೂರು ದಿನಕ್ಕೆ ಇಳಿಯುತ್ತದೆ. ಕೆಮ್ಮು ಮಾತ್ರ ಮೂರು ವಾರ ಎಳೆಯಬಹುದು. ಅದೊಂದೇ ಉಳಿದರೆ ಗಾಬರಿ ಬೇಡ. ಗಾಬರಿಯಾಗಬೇಕಾದದ್ದು ಇಳಿದ ಜ್ವರ ಮತ್ತೆ ಏರಿದಾಗ. ನ್ಯುಮೋನಿಯಾ ಬಂದು ಸೇರಿಕೊಳ್ಳುವುದು ಹೆಚ್ಚಾಗಿ ಹೀಗೆಯೇ. ಆಂಟಿಬಯೋಟಿಕ್ ಬೇಕಾದರೂ ಅದು ಈ ಘಟ್ಟದಲ್ಲಿ, ವೈದ್ಯರು ನೋಡಿದ ಮೇಲೆ.

ಉಸಿರಾಟಕ್ಕೆ ಕಷ್ಟ, ಎದೆನೋವು, ಕಫದಲ್ಲಿ ರಕ್ತ, ಮಂಪರು, ಉಗುರು ನೀಲಿಗಟ್ಟುವುದು, ಆಕ್ಸಿಮೀಟರ್‌ನಲ್ಲಿ 94ಕ್ಕಿಂತ ಕಡಿಮೆ ಅಂಕಿ: ಇವುಗಳಲ್ಲಿ ಯಾವುದೇ ಒಂದು ಕಂಡರೂ 108ಕ್ಕೆ ಕರೆ ಮಾಡಬೇಕು. ಮಾತು ಬಾರದ ಮಗುವಾದರೆ ಅಂಗಿ ಬಿಚ್ಚಿ, ಅದು ಅಳದೆ ಮಲಗಿದ್ದಾಗ, ಎದೆ ಏರಿಳಿಯುವುದನ್ನು ಪೂರಾ ಒಂದು ನಿಮಿಷ ಎಣಿಸಬೇಕು. ಎರಡರಿಂದ ಹನ್ನೊಂದು ತಿಂಗಳ ಕೂಸಿಗೆ 50, ಒಂದರಿಂದ ಐದು ವರ್ಷದ ಮಗುವಿಗೆ 40 ಅಥವಾ ಅದಕ್ಕಿಂತ ಹೆಚ್ಚಾದರೆ ತಕ್ಷಣ ಆಸ್ಪತ್ರೆಗೆ. ಹಾಲು ಕುಡಿಯಲು ಒಲ್ಲದ ಕೂಸಿಗೆ ಎಣಿಕೆಯೂ ಬೇಡ, ನೇರ ಆಸ್ಪತ್ರೆಗೇ.

ಮಾತ್ರೆ ಇಲ್ಲದೆ 24 ಗಂಟೆ ಜ್ವರ ಬಾರದಿದ್ದರೆ ಮಾತ್ರ ಶಾಲೆ, ಕಚೇರಿ. ಬೆಳಿಗ್ಗೆ ಸಿರಪ್ ಕುಡಿಸಿ ಶಾಲಾ ವಾಹನ ಹತ್ತಿಸುವುದಕ್ಕೆ ಪೋಷಕರನ್ನಷ್ಟೇ ದೂರಿ ಫಲವಿಲ್ಲ. ನೂರಕ್ಕೆ ನೂರು ಹಾಜರಾತಿಗೆ ಬಹುಮಾನ ಕೊಡುವ ಶಾಲೆಗಳೂ ಯೋಚಿಸಬೇಕು.

ಮಳೆಗೆ ಮುನ್ನ ಚುಚ್ಚುಮದ್ದು

ಫ್ಲೂ ವೈರಸ್ ವರ್ಷ ವರ್ಷ ರೂಪ ಬದಲಿಸುತ್ತದೆ. ಅದಕ್ಕೆ ತಕ್ಕಂತೆ ವಿಶ್ವ ಆರೋಗ್ಯ ಸಂಸ್ಥೆ ಫೆಬ್ರುವರಿಯಲ್ಲಿ ಉತ್ತರ ಗೋಳಾರ್ಧಕ್ಕೆ, ಸೆಪ್ಟೆಂಬರ್‌ನಲ್ಲಿ ದಕ್ಷಿಣ ಗೋಳಾರ್ಧಕ್ಕೆ ಲಸಿಕೆಯ ತಳಿಗಳನ್ನು ಸೂಚಿಸುತ್ತದೆ. ರಕ್ಷಣೆ ಕೂಡಿಬರಲು ಸುಮಾರು ಎರಡು ವಾರ ಬೇಕು. ಮಳೆಗಾಲಕ್ಕೆ ಸಿದ್ಧವಾಗಲು ಏಪ್ರಿಲ್, ಮೇ ಒಳ್ಳೆಯ ಸಮಯ. ಹೊಸದಾಗಿ ಬಂದ ಲಸಿಕೆ ಯಾವುದೆಂದು ಆಗ ಕೇಳಿ ತಿಳಿಯುವುದು ಲೇಸು. ನಾಲ್ಕು ತಳಿಯ ಲಸಿಕೆಯೇ ಬೇಕೆಂದು ಹುಡುಕಿ ಅಲೆಯಬೇಕಿಲ್ಲ. ಬಿ ಗುಂಪಿನ ಯಮಗಾಟಾ ಎಂಬ ತಳಿ 2020ರ ಮಾರ್ಚ್ ನಂತರ ಜಗತ್ತಿನಲ್ಲಿ ಖಚಿತವಾಗಿ ಪತ್ತೆಯಾಗಿಲ್ಲ, ಮೂರು ತಳಿಯದೇ ಸಾಕು.

ಇದು ಸರ್ಕಾರದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿಲ್ಲ, ಖಾಸಗಿಯಾಗಿ ದುಡ್ಡು ಕೊಟ್ಟೇ ಹಾಕಿಸಬೇಕು. ಮನೆಮಂದಿಗೆಲ್ಲ ಆಗದಿದ್ದರೆ ಮೊದಲ ಪಾಲು ಹಿರಿಯರಿಗೆ, ಗರ್ಭಿಣಿಗೆ, ಎಳೆಯ ಮಕ್ಕಳಿಗೆ. ಚುಚ್ಚುಮದ್ದಿನಲ್ಲಿರುವುದು ನಿಷ್ಕ್ರಿಯಗೊಳಿಸಿದ ವೈರಸ್ಸಾದ್ದರಿಂದ ಅದರಿಂದಲೇ ಫ್ಲೂ ಬರುವುದಿಲ್ಲ; ಒಂದೆರಡು ದಿನ ತೋಳು ನೋಯಬಹುದು. ಆರು ತಿಂಗಳಿಂದ ಎಂಟು ವರ್ಷದವರೆಗಿನ ಮಕ್ಕಳಿಗೆ ಮೊದಲ ಸಲವಾದರೆ ನಾಲ್ಕು ವಾರಗಳ ಅಂತರದಲ್ಲಿ ಎರಡು ಡೋಸ್, ಮುಂದಿನ ವರ್ಷದಿಂದ ಒಂದೊಂದೇ. ಎರಡನೇ ಡೋಸಿನ ದಿನಾಂಕವನ್ನು ಅಂದೇ ಮಗುವಿನ ಲಸಿಕೆ ಕಾರ್ಡಿನಲ್ಲಿ ಬರೆಸಿಕೊಳ್ಳಬೇಕು.