ಹೋಟೆಲಿನ ಹೆಸರು, ಊರಿನ ಬಾಯಿ: ಸಾರ್ವಜನಿಕ ಸಂಪರ್ಕದ ಮೊದಲ ಪಾಠ

ಹೊಸದಾಗಿ ಹೋಟೆಲು ತೆರೆದವರು ಬೋರ್ಡು ಬರೆಸುತ್ತಾರೆ, ಉದ್ಘಾಟನೆಯ ದಿನ ಪತ್ರಿಕೆಗೆ ಜಾಹೀರಾತು ಕೊಡುತ್ತಾರೆ, ಇನ್‌ಸ್ಟಾಗ್ರಾಂನಲ್ಲಿ ಒಂದು ಖಾತೆಯನ್ನೂ ತೆರೆಯುತ್ತಾರೆ. ಇಷ್ಟನ್ನೂ ಸೇರಿಸಿ ‘ಪಿಆರ್’ ಅಂದುಬಿಡುವುದು ರೂಢಿ. ಮೊದಲು ಈ ಗಂಟನ್ನು ಬಿಡಿಸೋಣ. ದುಡ್ಡು ಕೊಟ್ಟು ನಮ್ಮ ಮಾತನ್ನು ನಾವೇ ಹೇಳಿಕೊಂಡರೆ ಅದು ಜಾಹೀರಾತು. ನಮ್ಮ ಬಗ್ಗೆ ಜನ ಏನನ್ನುತ್ತಾರೆ, ಯಾಕೆ ಹಾಗನ್ನುತ್ತಾರೆ ಎಂದು ಕಿವಿಗೊಟ್ಟು ಕೇಳಿ, ಅವರಿಗೆ ನಿಜ ಸಂಗತಿ ತಲುಪುವಂತೆ ನೋಡಿಕೊಳ್ಳುವುದು ಸಾರ್ವಜನಿಕ ಸಂಪರ್ಕ, ಅಂದರೆ ಪಿಆರ್. ಜಾಹೀರಾತಿನ ಮಾತು ನಮ್ಮ ಹಿಡಿತದಲ್ಲಿರುತ್ತದೆ, ಜನರ ಮಾತು ಇರುವುದಿಲ್ಲ. ಸಾಮಾಜಿಕ ಜಾಲತಾಣದಲ್ಲಿ ಎರಡೂ ಒಂದೇ ಪರದೆಯ ಮೇಲೆ ಕಾಣುವುದರಿಂದ ಹೊಸಬರಿಗೆ ಗೊಂದಲ.

ಈ ಕಸುಬಿನ ಬೇರು ಹುಡುಕುತ್ತ ಹೋದರೆ ಒಂದು ರೈಲು ಅಪಘಾತ ಸಿಗುತ್ತದೆ. 1906ರಲ್ಲಿ ಅಮೆರಿಕದ ಅಟ್ಲಾಂಟಿಕ್ ಸಿಟಿ ಬಳಿ ರೈಲೊಂದು ಸೇತುವೆಯಿಂದ ನೀರಿಗೆ ಬಿದ್ದು ಐವತ್ತಕ್ಕೂ ಹೆಚ್ಚು ಜನ ಸತ್ತರು. ಇಂಥ ಸುದ್ದಿಯನ್ನು ಆದಷ್ಟು ಮುಚ್ಚಿಡುವುದು ಆಗಿನ ಕಂಪನಿಗಳ ಪದ್ಧತಿ. ಐವಿ ಲೀ ಎಂಬ ಮಾಜಿ ಪತ್ರಕರ್ತರು ರೈಲು ಕಂಪನಿಯ ಪರವಾಗಿ ಲಿಖಿತ ಹೇಳಿಕೆ ಹೊರಡಿಸಿದರು, ವರದಿಗಾರರನ್ನು ಅಪಘಾತದ ಜಾಗಕ್ಕೇ ಕರೆಸಿದರು. ಇವತ್ತಿನ ಪತ್ರಿಕಾ ಹೇಳಿಕೆಯ ಕತೆ ಅಲ್ಲಿಂದ ಶುರುವಾಗುತ್ತದೆ.

ಮುಚ್ಚಿಡದೆ ತೋರಿಸುವ ಈ ಕೆಲಸವನ್ನು ನಮ್ಮಲ್ಲೂ ಹೆಸರಿಡದೆ ಮಾಡಿದವರಿದ್ದಾರೆ. ಬೆಂಗಳೂರಿನ ಎಂಟಿಆರ್‌ನ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪಿಗೆ ಹೋಗಿ, ಅಲ್ಲಿನ ಹೋಟೆಲುಗಳ ಶುಚಿತ್ವವನ್ನು ಕಣ್ಣಾರೆ ಕಂಡು ಬಂದು, ತಮ್ಮ ಹೋಟೆಲಿಗೂ ಅದನ್ನು ತಂದರು. ಗಿರಾಕಿಗಳು ಅಡುಗೆಮನೆಯನ್ನು ನೋಡಿಕೊಂಡು ಊಟಕ್ಕೆ ಕೂರುವ ಪದ್ಧತಿ ಅಲ್ಲಿತ್ತು. ‘ನಮ್ಮಲ್ಲಿ ಶುಚಿ-ರುಚಿ’ ಎಂದು ಗೋಡೆಯ ಮೇಲೆ ಎಷ್ಟು ದಪ್ಪಕ್ಷರದಲ್ಲಿ ಬರೆಸಿದರೂ ಇದಕ್ಕೆ ಸಾಟಿಯಿಲ್ಲ.

ಈಗ ಕಷ್ಟದ ಪಾಠಕ್ಕೆ ಬರೋಣ: ತಪ್ಪಾದಾಗ ಏನು ಮಾಡುವುದು? ಇದನ್ನು ನಿಧಾನವಾಗಿ ನೋಡಬೇಕು.

2009ರ ಏಪ್ರಿಲ್. ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯದ ಕಾನೋವರ್ ಎಂಬ ಸಣ್ಣ ಊರಿನ ಡೊಮಿನೋಸ್ ಪಿಟ್ಜಾ ಮಳಿಗೆಯಲ್ಲಿ ಇಬ್ಬರು ನೌಕರರು ಅಡುಗೆಯ ಸಾಮಗ್ರಿಯನ್ನು ಅಸಹ್ಯವಾಗಿ ಬಳಸುತ್ತ, ಅದನ್ನು ವಿಡಿಯೊ ಮಾಡಿ ಯೂಟ್ಯೂಬಿಗೆ ಹಾಕಿದರು. ಆ ತಿಂಡಿ ಯಾರಿಗೂ ಹೋಗಿಲ್ಲ, ಬರೀ ತಮಾಷೆ ಎಂದು ಆಮೇಲೆ ಹೇಳಿಕೊಂಡರು. ಕಂಪನಿಯ ಮುಖ್ಯ ಕಚೇರಿಗೆ ವಿಷಯ ಬೇಗನೆ ಗೊತ್ತಾಯಿತು. ಆದರೆ ಅಲ್ಲಿನವರ ಲೆಕ್ಕಾಚಾರ ಹೀಗಿತ್ತು: ನಾವೇ ಬಾಯಿಬಿಟ್ಟರೆ ನೋಡದವರೂ ಹೋಗಿ ನೋಡುತ್ತಾರೆ, ಸುಮ್ಮನಿದ್ದರೆ ತಾನಾಗಿ ತಣ್ಣಗಾಗುತ್ತದೆ. ಪತ್ರಿಕೆಗಳ ಕಾಲಕ್ಕೆ ಅದು ದಡ್ಡತನದ ಲೆಕ್ಕವೇನಲ್ಲ. ಆದರೆ ಇಲ್ಲಿ ಎರಡು ದಿನಗಳೊಳಗೆ ಹತ್ತು ಲಕ್ಷಕ್ಕೂ ಹೆಚ್ಚು ಬಾರಿ ಜನ ಆ ವಿಡಿಯೊ ನೋಡಿದ್ದರು. ಡೊಮಿನೋಸ್ ಹೆಸರು ಹುಡುಕಿದವರಿಗೆ ಮೊದಲ ಪುಟದಲ್ಲೇ ಅದರ ಪ್ರಸ್ತಾಪ ಸಿಗುತ್ತಿತ್ತು.

ಆಗ ಕಂಪನಿ ಎಚ್ಚೆತ್ತಿತು. ಅಮೆರಿಕದ ವ್ಯವಹಾರ ನೋಡಿಕೊಳ್ಳುತ್ತಿದ್ದ ಪ್ಯಾಟ್ರಿಕ್ ಡಾಯ್ಲ್ ಖುದ್ದಾಗಿ ಕ್ಯಾಮೆರಾ ಮುಂದೆ ನಿಂತು ಕ್ಷಮೆ ಕೇಳಿದರು. ಆ ಕ್ಷಮೆಯನ್ನು ಅದೇ ಯೂಟ್ಯೂಬಿನಲ್ಲಿ ಹಾಕಿದರು. ಮಳಿಗೆ ಮುಚ್ಚಿಸಿ ಶುಚಿಗೊಳಿಸಿದ್ದನ್ನು, ಆ ಇಬ್ಬರನ್ನು ಕೆಲಸದಿಂದ ತೆಗೆದದ್ದನ್ನು ಹೇಳಿದರು, ಎಚ್ಚರಿಸಿದ ಜಾಲತಾಣದ ಮಂದಿಗೆ ಕೃತಜ್ಞತೆ ಸಲ್ಲಿಸಿದರು. ಡಾಯ್ಲ್ ಕ್ಯಾಮೆರಾದ ಕಡೆ ನೋಡದೆ ಪಕ್ಕದಲ್ಲಿದ್ದ ಬರಹ ಓದುತ್ತಿದ್ದಂತಿತ್ತು ಎಂದು ಟೀಕೆಯೂ ಬಂತು. ಇದ್ದರೂ ಇರಲಿ. ದೊಡ್ಡ ಹುದ್ದೆಯವರು ಮುಂದೆ ಬಂದರು, ಬೆಂಕಿ ಬಿದ್ದ ಜಾಗದಲ್ಲೇ ನೀರು ಹಾಕಿದರು, ಏನು ಮಾಡಿದ್ದೇವೆಂದು ಬಿಡಿಸಿ ಹೇಳಿದರು. ಕೊರತೆ ಅಂದರೆ ಕಳೆದುಹೋದ ಆ ಎರಡು ದಿನ.

ಈ ಪ್ರಕರಣದಲ್ಲಿ ಸರಣಿ ಹೋಟೆಲುಗಳವರು ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ತಪ್ಪು ಮಾಡಿದ್ದು ಒಂದೇ ಮಳಿಗೆಯ ಇಬ್ಬರು, ಪೆಟ್ಟು ಬಿದ್ದದ್ದು ಸಾವಿರಾರು ಮಳಿಗೆಗಳಿಗೆ. ‘ಅದು ನಮ್ಮ ಫ್ರಾಂಚೈಸಿಯವರ ಶಾಖೆ, ನಾವು ನಡೆಸುವುದಲ್ಲ’ ಎಂಬ ವಿವರಣೆ ಕಾನೂನಿನ ಕಾಗದದಲ್ಲಿ ನಿಲ್ಲಬಹುದು. ತಿನ್ನಲು ಬಂದವರು ಓದುವುದು ಬೋರ್ಡನ್ನು ಮಾತ್ರ. ಹತ್ತು ಕಡೆ ಒಂದೇ ಹೆಸರಿನ ಬೋರ್ಡು ಹಾಕಿದ ಮೇಲೆ ಹತ್ತೂ ಅಡುಗೆಮನೆಗಳ ಸುದ್ದಿ ಒಬ್ಬರ ಕಿವಿಗೆ ದಿನಾ ಬೀಳುವ ಏರ್ಪಾಡು ಬೇಕು.

ಅದೇ ವರ್ಷದ ಕೊನೆಯಲ್ಲಿ ಡೊಮಿನೋಸ್ ಪಾಕವನ್ನೇ ಬದಲಿಸಿತು. ನಿಮ್ಮ ಪಿಟ್ಜಾದ ರೊಟ್ಟಿ ರಟ್ಟಿನ ಹಾಗಿದೆ ಎಂದು ಗಿರಾಕಿಗಳು ಬೈದದ್ದನ್ನು ತನ್ನ ಜಾಹೀರಾತಿನಲ್ಲೇ ತೋರಿಸಿ, ಸರಿಪಡಿಸಿದ್ದೇವೆ, ಈಗ ತಿಂದು ನೋಡಿ ಎಂದಿತು. ನನ್ನ ದೃಷ್ಟಿಯಲ್ಲಿ ಕ್ಷಮೆಯ ವಿಡಿಯೊಗಿಂತ ಇದು ದೊಡ್ಡ ಕೆಲಸ. ರುಚಿ ಕೆಟ್ಟಿದ್ದರೆ ಯಾವ ಪಿಆರ್ ಪಂಡಿತರೂ ಹೋಟೆಲನ್ನು ಉಳಿಸಲಾರರು.

ಕ್ಷಮೆ ಕೇಳುವ ಇನ್ನೊಂದು ಬಗೆಯನ್ನೂ ನೋಡಿ. 2018ರ ಫೆಬ್ರವರಿಯಲ್ಲಿ ಬ್ರಿಟನ್ನಿನ ಕೆಎಫ್‌ಸಿ ಕೋಳಿ ಸಾಗಣೆಯ ಗುತ್ತಿಗೆಯನ್ನು ಡಿಎಚ್‌ಎಲ್ ಎಂಬ ಕಂಪನಿಗೆ ಬದಲಿಸಿತು. ಸರಬರಾಜು ಎಷ್ಟು ಹದಗೆಟ್ಟಿತೆಂದರೆ, ಸುಮಾರು 900 ಮಳಿಗೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬಾಗಿಲು ಮುಚ್ಚಿದವು. ಕೋಳಿ ಸಿಗಲಿಲ್ಲವೆಂದು ನಮಗೆ ದೂರು ಕೊಡಬೇಡಿ ಎಂದು ಲಂಡನ್ನಿನ ಟವರ್ ಹ್ಯಾಮ್ಲೆಟ್ಸ್ ಪೊಲೀಸರು ಟ್ವೀಟ್ ಮಾಡಬೇಕಾಯಿತು! ಕಂಪನಿ ಯಾವ ಮಳಿಗೆ ತೆರೆದಿದೆ ಎಂದು ಜನ ನೋಡಿಕೊಳ್ಳುವ ವ್ಯವಸ್ಥೆ ಮಾಡಿತು. ಬಳಿಕ ಪತ್ರಿಕೆಗಳಲ್ಲಿ ಇಡೀ ಪುಟದ ಕ್ಷಮಾಪಣೆ ಹಾಕಿತು. ಖಾಲಿ ಬಕೆಟ್ಟಿನ ಚಿತ್ರ, ಅದರ ಮೇಲೆ ತನ್ನದೇ ಮೂರಕ್ಷರ ಅದಲುಬದಲಾಗಿ ‘ಎಫ್‌ಸಿಕೆ’. ಇಂಗ್ಲಿಷ್ ಬಲ್ಲವರಿಗೆ ಅದರಲ್ಲಿ ಬೈಗುಳ ಕೇಳಿಸುತ್ತದೆ. ಜನ ನಕ್ಕು ಕ್ಷಮಿಸಿದರು. ಇದನ್ನು ಓದಿ ನಾಳೆಯೇ ಹಾಸ್ಯಕ್ಕೆ ಕೈ ಹಾಕಬೇಡಿ. ಅಲ್ಲಿ ಯಾರ ಆರೋಗ್ಯವೂ ಕೆಟ್ಟಿರಲಿಲ್ಲ, ಊಟ ಸಿಗಲಿಲ್ಲ ಅಷ್ಟೆ. ಗಿರಾಕಿ ಆಸ್ಪತ್ರೆ ಸೇರಿದ್ದಾಗ ಚಾಟೂಕ್ತಿ ಹೇಳಿದರೆ ಹೋಟೆಲಿಗೆ ಬೀಗ ಬೀಳುತ್ತದೆ.

ಜನರನ್ನು ಮಾತಿಗೆ ಕರೆಯುವುದರಲ್ಲೂ ಅಪಾಯವಿದೆ. 2012ರ ಜನವರಿಯಲ್ಲಿ ಮೆಕ್‌ಡೊನಾಲ್ಡ್ಸ್ ಟ್ವಿಟರ್‌ನಲ್ಲಿ ‘ಮೆಕ್‌ಡಿಸ್ಟೋರೀಸ್’ ಎಂಬ ಹ್ಯಾಶ್‌ಟ್ಯಾಗ್‌ಗೆ ದುಡ್ಡು ಹಾಕಿತು, ಒಳ್ಳೆಯ ಕತೆಗಳು ಬರಲಿ ಎಂದು. ಬಂದದ್ದು ತಿಂದು ಹೊಟ್ಟೆ ಕೆಟ್ಟವರ ಕತೆಗಳು. ಎರಡು ಗಂಟೆಯೊಳಗೆ ಕಂಪನಿ ಪ್ರಚಾರ ನಿಲ್ಲಿಸಿದರೂ ಬೈಗುಳ ನಿಲ್ಲಲಿಲ್ಲ. ಜನರನ್ನು ಕೇಳದೆ ಘೋಷಿಸುವುದರಲ್ಲೂ ಅಪಾಯವಿದೆ. ಅದಕ್ಕೆ ನಮ್ಮ ದೇಶದ್ದೇ ಉದಾಹರಣೆ ಬೇಕೆಂದರೆ ಜೊಮ್ಯಾಟೊ ಇದೆ. 2024ರ ಮಾರ್ಚ್ 19ರಂದು ಶುದ್ಧ ಸಸ್ಯಾಹಾರ ತಲುಪಿಸುವವರಿಗೆ ಹಸಿರು ಸಮವಸ್ತ್ರ ಎಂದು ಘೋಷಿಸಿತು. ಉಳಿದ ಕೆಂಪು ಅಂಗಿಯವರನ್ನು ಅಪಾರ್ಟ್‌ಮೆಂಟುಗಳು ಒಳಗೇ ಬಿಡದಿದ್ದರೆ ಗತಿಯೇನು ಎಂಬ ಪ್ರಶ್ನೆ ಎದ್ದಿತು. ಮರುದಿನವೇ ಕಂಪನಿಯ ಆಗಿನ ಮುಖ್ಯಸ್ಥ ದೀಪಿಂದರ್ ಗೋಯಲ್ ಹಸಿರು ಅಂಗಿಯನ್ನು ಕೈಬಿಟ್ಟು ಎಲ್ಲರಿಗೂ ಕೆಂಪೇ ಎಂದರು. ಒಂದೇ ದಿನದಲ್ಲಿ ಕೇಳಿಸಿಕೊಂಡದ್ದು ಮೆಚ್ಚತಕ್ಕದ್ದು, ಘೋಷಿಸುವ ಮೊದಲೇ ಕೇಳಬಹುದಿತ್ತು ಎಂಬುದೂ ನಿಜ.

ಇವೆಲ್ಲ ದೊಡ್ಡವರ ಮಾತಾಯಿತು. ನಿಮ್ಮದು ಎರಡು-ಮೂರು ಶಾಖೆಯ ದರ್ಶಿನಿ ಇರಬಹುದು. ನಿಮ್ಮ ನಿತ್ಯದ ಕೆಲಸ ಗೂಗಲ್ ರಿವ್ಯೂಗಳಿಗೆ ಉತ್ತರ ಬರೆಯುವುದು. ಯಾರೋ ಎರಡು ಸ್ಟಾರ್ ಕೊಟ್ಟು, ‘ಬೆಳಗ್ಗೆ ಒಂಬತ್ತಕ್ಕೇ ಸಾಂಬಾರ್ ತಣ್ಣಗಿತ್ತು, ಕೇಳಿದರೆ ಸಪ್ಲೈಯರ್ ರೇಗಿದ’ ಎಂದು ಬರೆದಿದ್ದಾರೆ ಅನ್ನಿ. ‘ತಮ್ಮ ಅಮೂಲ್ಯ ಅನಿಸಿಕೆಗೆ ಧನ್ಯವಾದಗಳು, ಗ್ರಾಹಕರ ಸಂತೃಪ್ತಿಯೇ ನಮ್ಮ ಧ್ಯೇಯ’ ಎಂದು ಉತ್ತರಿಸಿದರೆ ನೀವು ಓದಿಯೇ ಇಲ್ಲವೆಂದು ಸಾರಿದಂತೆ. ಹೀಗೆ ಬರೆದು ನೋಡಿ: ‘ಸಾರ್, ಸಾಂಬಾರ್ ತಣ್ಣಗಿದ್ದದ್ದು ನಮ್ಮದೇ ತಪ್ಪು. ಆ ಹೊತ್ತಿಗೆ ಕೌಂಟರಿನ ಒಲೆ ಆರಿತ್ತು, ಸರಿ ಮಾಡಿಸಿದ್ದೇವೆ. ಹುಡುಗನ ಜೊತೆ ಮಾತಾಡಿದ್ದೇನೆ. ಮತ್ತೆ ಬಂದಾಗ ಗಲ್ಲಾದಲ್ಲಿ ನನ್ನನ್ನು ಕೇಳಿ.’ ಕೊನೆಗೆ ನಿಮ್ಮ ಹೆಸರು. ಒಲೆ ನಿಜಕ್ಕೂ ಆರಿದ್ದರೆ ಮಾತ್ರ ಹಾಗೆ ಬರೆಯಬೇಕು ಎಂದು ಬೇರೆ ಹೇಳಬೇಕಿಲ್ಲ. ಈ ಉತ್ತರವನ್ನು ದೂರಿದವರಿಗಿಂತ ಹೆಚ್ಚಾಗಿ, ನಾಳೆ ಎಲ್ಲಿ ತಿಂಡಿ ತಿನ್ನೋಣ ಎಂದು ಹುಡುಕುತ್ತಿರುವ ಅಪರಿಚಿತರು ಓದುತ್ತಾರೆ. ದೂರು ಸುಳ್ಳೆನಿಸಿದರೂ ಜಗಳಕ್ಕೆ ಇಳಿಯಬೇಡಿ. ನಿಮಗೆ ತಿಳಿದದ್ದನ್ನು ಎರಡು ಸಾಲಿನಲ್ಲಿ ಹೇಳಿ, ಫೋನಿನಲ್ಲಿ ಮಾತಾಡೋಣ ಎಂದು ಮುಗಿಸಿ. ನಿಮ್ಮ ಇನ್‌ಸ್ಟಾಗ್ರಾಂ ಖಾತೆಯಲ್ಲಿ ಬಂದ ಕಾಮೆಂಟ್ ಅಳಿಸುವುದಂತೂ ಬೇಡ, ಅಳಿಸುವ ಮುಂಚೆ ಯಾರೋ ಸ್ಕ್ರೀನ್‌ಶಾಟ್ ತೆಗೆದಿರುತ್ತಾರೆ.

ಫುಡ್ ವ್ಲಾಗರುಗಳನ್ನು ಕರೆದು ರೀಲ್ಸ್ ಮಾಡಿಸುವುದು ಈಗ ಎಲ್ಲೆಡೆ ನಡೆದಿದೆ. ಮಾಡಿಸಿ, ಆದರೆ ಮುಚ್ಚುಮರೆ ಬೇಡ. ಕೇಂದ್ರ ಸರ್ಕಾರ 2023ರ ಜನವರಿಯಲ್ಲಿ ಪ್ರಕಟಿಸಿದ ಸೂಚನೆಗಳ ಪ್ರಕಾರ ಹಣ ಪಡೆದರೂ, ಪುಕ್ಕಟೆ ಊಟ ಪಡೆದರೂ ಅದನ್ನು ನೋಡುಗರಿಗೆ ಸ್ಪಷ್ಟವಾಗಿ ತಿಳಿಸಬೇಕು. ದಾರಿ ತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ 10 ಲಕ್ಷ ರೂಪಾಯಿವರೆಗೆ ದಂಡವಿದೆ, ಮರುಕಳಿಸಿದರೆ 50 ಲಕ್ಷದವರೆಗೆ. ನೆಂಟರಿಷ್ಟರಿಂದ ಐದೈದು ಸ್ಟಾರ್ ಹಾಕಿಸುವ ಚಾಳಿಯೂ ಬೇಡ. ಒಂದೇ ವಾರದಲ್ಲಿ ಒಂದೇ ಧಾಟಿಯ ಮೂವತ್ತು ಹೊಗಳಿಕೆ ಬಂದರೆ ಓದುವವರಿಗೆ ಗೊತ್ತಾಗುತ್ತದೆ.

ಇಷ್ಟು ಓದಿದ ಮೇಲೆ ಹೊಸ ಪೋಸ್ಟ್ ಏನು ಹಾಕಲಿ ಎಂದು ಯೋಚಿಸುತ್ತಿದ್ದರೆ, ಅದನ್ನು ನಾಳೆಗೆ ಬಿಡಿ. ಇವತ್ತು ಸಂಜೆ ಗಿರಾಕಿ ಕಡಿಮೆಯಿರುವ ಹೊತ್ತಲ್ಲಿ ನಿಮ್ಮ ಹೋಟೆಲಿನ ರಿವ್ಯೂಗಳನ್ನು ತೆಗೆದು, ಉತ್ತರ ಕಾಣದೆ ಬಿದ್ದಿರುವ ದೂರುಗಳನ್ನು ನಿಮ್ಮ ಭಟ್ಟರಿಗೂ ಸಪ್ಲೈಯರುಗಳಿಗೂ ಓದಿ ಹೇಳಿ. ಅವರು ಏನನ್ನುತ್ತಾರೆಂದು ಕೇಳಿಸಿಕೊಂಡ ಮೇಲೆ ಉತ್ತರ ಬರೆಯಲು ಕೂತುಕೊಳ್ಳಿ.